ಗೋಡೆಯ ಹಿಂದಿನ ಒಲೆ

ಕೂಲ್‌ಡರಾ ಎಸ್ಟೇಟಿನ ಹೆಬ್ಬಾಗಿಲಿಗೆ ಎರಡು ಮನೆ. ಗೇಟಿನ ಎಡಕ್ಕೊಂದು, ಬಲಕ್ಕೊಂದು. ಎರಡೂ ಒಂದೇ ಅಚ್ಚು. ಎಂಟು ಮೂಲೆ, ಮುಂದೆ ನಾಲ್ಕು ಕಲ್ಲಿನ ಕಂಬ, ಒಂದು ಬಾಗಿಲು, ಒಂದು ಕಿಟಕಿ, ಚಪ್ಪಡಿಕಲ್ಲು ಹೊದಿಸಿದ ಚೂಪು ಮಾಡು, ಹಿಂಗೋಡೆಯ ನೆತ್ತಿಗೆ ಒಂದು ಹೊಗೆಗೂಡು. ಡಬ್ಲಿನ್ನಿನಿಂದ ದೊಡ್ಡಮನೆಗೆ ಬರುವ ನೆಂಟರು ಬೇಸಿಗೆಯಲ್ಲಿ ಹುಲ್ಲಿನ ಮೇಲೆ ಕುರ್ಚಿ ಹಾಕಿಸಿಕೊಂಡು ಇವುಗಳ ಚಿತ್ರ ಬರೆಯುತ್ತಿದ್ದರು. ಊರಿನವರು ಮಾತ್ರ ಒಂದನ್ನು ಉಪ್ಪಿನ ಕುಡಿಕೆ, ಇನ್ನೊಂದನ್ನು ಮೆಣಸಿನ ಕುಡಿಕೆ ಎಂದು ಕರೆಯುತ್ತಿದ್ದರು.

ಎರಡು ಮನೆ ಎಂದರೆ ಎರಡು ಸಂಸಾರ ಎಂದುಕೊಳ್ಳಬೇಡಿ. ಸಂಸಾರ ಒಂದೇ. ಎಡಗಡೆಯದು ಅಡುಗೆಗೆ, ಬಲಗಡೆಯದು ಮಲಗುವುದಕ್ಕೆ. ನಡುವೆ ಸಾರೋಟು ಹೋಗುವ ದಾರಿ. ಉಂಡು ಮಲಗಬೇಕಾದರೆ ಮಳೆಯಲ್ಲಿ ದಾರಿ ದಾಟಬೇಕು. ಎದ್ದು ಚಹಾ ಕಾಯಿಸಬೇಕಾದರೆ ಹಿಮದಲ್ಲಿ ದಾರಿ ದಾಟಬೇಕು. ಈಗಿನ ದೊರೆಯ ಮುತ್ತಜ್ಜ ಇಟಲಿಗೆ ಹೋಗಿ ಬಂದವನು ಹೀಗೆ ಕಟ್ಟಿಸಿದ್ದ. ಗೇಟು ಕಾಯುವವಳ ಮನೆಯನ್ನು ನಡುವೆ ಸೀಳಿ, ಆ ಸೀಳಿನಲ್ಲಿ ಅವನ ವಂಶ ನೂರು ವರ್ಷದಿಂದ ಕುದುರೆ ಓಡಿಸುತ್ತಿತ್ತು.

ಕಾಯುತ್ತಿದ್ದವಳು ಸಬೀನಾ ಟೂಹಿ. ನಲವತ್ತು ದಾಟಿರಲಿಲ್ಲ, ಆದರೆ ಬಲಭುಜ ಆಗಲೇ ಇಳಿಬಿದ್ದಿತ್ತು. ಓಕ್ ಮರದ ತಿರುವಿನಲ್ಲಿ ಕೊಂಬು ಊದಿದ ಕೂಡಲೇ ಅವಳು ಓಡಬೇಕು. ಬೀಗ ತೆಗೆದು, ಕಬ್ಬಿಣದ ಎರಡು ರೆಕ್ಕೆಗಳನ್ನೂ ಭುಜ ಕೊಟ್ಟು ತಳ್ಳಿ, ತಲೆ ಬಗ್ಗಿಸಿ ನಿಲ್ಲಬೇಕು. ಕುದುರೆಗಳು ನಿಲ್ಲಬಾರದು, ನಿಧಾನವಾಗಲೂ ಬಾರದು. ಅದು ಕೂಲ್‌ಡರಾದ ಕಟ್ಟಳೆ. ಸಬೀನಾ ಮಾತ್ರ ಆ ಗೇಟಿನಲ್ಲಿ ಓಡಾಡುವಂತಿರಲಿಲ್ಲ. ಅವಳಂಥವರಿಗೆ ಪಕ್ಕದಲ್ಲಿ ದಿಡ್ಡಿ ಬಾಗಿಲಿತ್ತು. ನೀರಿನ ಕೊಡ ಹೊತ್ತುಕೊಂಡು ಅಡ್ಡಡ್ಡ ತಿರುಗಿ ನುಸುಳಬೇಕು.

"ಸಬೀನಕ್ಕ, ಒಂದು ಗಳಿಗೆ ತಡ ಮಾಡಿದ್ರೂ ನನ್ನ ಕುದುರೆಗಳು ನಿನ್ನನ್ನೇ ಗೇಟು ಅಂದ್ಕೊಂಡು ನುಗ್ತವೆ ನೋಡು," ಎಂದು ಸಾರೋಟು ಹೊಡೆಯುವ ಲ್ಯೂಕ್ ಹೆನಹನ್ ಆಗಾಗ ಚೇಷ್ಟೆ ಮಾಡುತ್ತಿದ್ದ.

"ನುಗ್ಲಿ ಬಿಡು. ನಿನ್ನ ಮುಖ ನೋಡೋದಾದ್ರೂ ತಪ್ಪತ್ತೆ," ಎನ್ನುತ್ತಿದ್ದಳು ಅವಳು.

ಗಂಡ ಮಾಲಕಿ ಸತ್ತು ಏಳು ವರ್ಷ. ದೊಡ್ಡಮನೆಯ ಮಾಡಿನ ಮೇಲೆ ಮಳೆನೀರು ಹರಿಯುವ ಸೀಸದ ದೋಣಿ ಸರಿಮಾಡಲು ಹತ್ತಿದವನು ಹೆಣವಾಗಿ ಕೆಳಗೆ ಬಂದ. ವಿಧವೆಯನ್ನು ಓಡಿಸದೆ ಗೇಟಿನಲ್ಲೇ ಉಳಿಸಿಕೊಂಡದ್ದು ದೊಡ್ಡಮನೆಯವರ ದೊಡ್ಡ ಗುಣ ಎಂದು ಊರೆಲ್ಲ ಹೊಗಳಿತು. ಅವನು ಯಾಕೆ ಬಿದ್ದ, ಏಣಿ ಯಾಕೆ ಕೊಳೆತಿತ್ತು ಎಂದು ಒಬ್ಬರೂ ಕೇಳಲಿಲ್ಲ. ಸಬೀನಾ ಕೂಡ ಕೇಳಲಿಲ್ಲ. ಕೇಳಿದ್ದರೆ ಸೂರು ಹೋಗುತ್ತಿತ್ತು.

ಮಾಲಕಿ ಬಿಟ್ಟುಹೋದ ಆಸ್ತಿ ಎರಡು. ಒಂದು ಮಗಳು ಡೀಲಿಯಾ. ಇನ್ನೊಂದು ಒಂದು ನಂಬಿಕೆ.

ಮಲಗುವ ಮನೆಯಲ್ಲಿ ಬೆಂಕಿ ಇರಲಿಲ್ಲ. ಕಿಟಕಿಯೂ ಇರಲಿಲ್ಲ. ಹೊರಗಿನಿಂದ ನೋಡಿದರೆ ಕಿಟಕಿ ಇತ್ತು, ಗಾಜಿತ್ತು, ಗಾಜಿನ ಹಿಂದೆ ಕಪ್ಪು ಬಳಿದ ಗೋಡೆ ಇತ್ತು. ಜೋಡಿ ಕಾಣಲಿ ಎಂದು ಮಾಡಿದ್ದು. ಒಳಗೆ ಹಗಲಲ್ಲೂ ಕತ್ತಲೆ. ಗೋಡೆ ಬೆವರಿ ಹಾಸಿಗೆಯ ಹುಲ್ಲು ವರ್ಷಕ್ಕೆರಡು ಸಲ ಕೊಳೆಯುತ್ತಿತ್ತು. ಆದರೆ ಹಿಂಗೋಡೆಯಲ್ಲಿ ಗಾರೆಯ ಒಂದು ಕಮಾನಿತ್ತು, ಅಡುಗೆಮನೆಯ ಒಲೆಯ ಮೇಲಿದ್ದಂಥದೇ ಕಮಾನು. ಮೇಲೆ ಹೊಗೆಗೂಡೂ ಇತ್ತಲ್ಲ.

"ಇದರ ಹಿಂದೆ ಒಲೆ ಇದೆ ಕಣೇ. ಹಿಂದೆ ಯಾರೋ ಮುಚ್ಚಿಸಿದಾರೆ ಅಷ್ಟೇ," ಎಂದು ಮಾಲಕಿ ಮದುವೆಯಾದ ವಾರವೇ ಗೋಡೆ ತಟ್ಟಿ ತೋರಿಸಿದ್ದ. "ಒಲೆ ಇಲ್ಲದೆ ಯಾರಾದ್ರೂ ಕಮಾನು ಕಟ್ತಾರಾ? ಕೇಳಿದ್ರೆ ತೆಗೆಸಿಕೊಡ್ತಾರೆ."

ಅವನು ಎರಡು ಸಲ ಕೇಳಿದ್ದ. ನೋಡೋಣ ಎಂದಿದ್ದರು. ಹದಿನಾರು ವರ್ಷ ಸಬೀನಾ ಆ ಕಮಾನಿಗೆ ಬೆನ್ನು ಕೊಟ್ಟು ಮಲಗಿದಳು. ಇವತ್ತಲ್ಲ ನಾಳೆ ಅಲ್ಲಿ ಬೆಂಕಿ ಉರಿಯುತ್ತದೆ ಎಂದುಕೊಂಡೇ ಮಲಗಿದಳು.

ಆ ವರ್ಷ ಅಕ್ಟೋಬರಿನಲ್ಲಿ ಡೀಲಿಯಾ ಮನೆಗೆ ಬಂದಳು. ಅವಳಿಗೆ ಹದಿನಾಲ್ಕು. ದೊಡ್ಡಮನೆಯ ಬಟ್ಟೆ ಒಗೆಯುವ ಕೋಣೆಯಲ್ಲಿ ಎರಡು ವರ್ಷ ಒದ್ದೆ ನೆಲದಲ್ಲಿ ನಿಂತು, ಎದೆಗೆ ಕಫ ಕಟ್ಟಿ, ರಕ್ತ ಕಾಣಿಸಿಕೊಂಡ ಮೇಲೆ ಕಳಿಸಿದ್ದರು. ಅವಳು ಇಸ್ತ್ರಿ ಮಾಡಿದ ಹಾಸುಬಟ್ಟೆಗಳ ಮೇಲೆ ಕೆಮ್ಮುತ್ತಾಳೆ ಎಂಬುದು ದೂರು. ಪೇಟೆಯ ಧರ್ಮಾಸ್ಪತ್ರೆಯ ಡಾಕ್ಟರು ನೋಡಿದರು. ಕೋಣೆಗೂ ಒಂದು ಸಲ ಬಗ್ಗಿ ನೋಡಿದರು.

"ಇಲ್ಲಿ ಆರೋಗ್ಯವಾಗಿರೋಳು ಮಲಗಿದ್ರೂ ಸಾಯ್ತಾಳೆ," ಎಂದರು. "ಬೆಚ್ಚಗಿಡಮ್ಮ. ಒಣಗಿರೋ ಕೋಣೆ, ಬೆಂಕಿ. ಔಷಧಿ ಅಂದ್ರೆ ಅಷ್ಟೇ."

ಅಷ್ಟೇ. ಒಂದು ಒಲೆ.

ದೇವರು ಕಣ್ಣು ಬಿಟ್ಟ ಎಂದುಕೊಂಡಳು ಸಬೀನಾ. ಯಾಕೆಂದರೆ ನವೆಂಬರಿನಲ್ಲಿ ಚಿಕ್ಕದೊರೆ ಲಂಡನ್ನಿನಲ್ಲಿ ಮದುವೆಯಾಗಿ ಹೆಂಡತಿಯನ್ನು ಕರೆತರುವವನಿದ್ದ. ಹೆಬ್ಬಾಗಿಲಿಗೆ ಗಾರೆ, ಕಂಬಗಳಿಗೆ ಸುಣ್ಣ ಎಂದು ಫೆಲಿಮ್ ಗೀಗನ್ ಬಂದಿದ್ದ. ಅವನು ಗಾರೆ ಕೆಲಸದವನು, ಮಾಲಕಿಯ ಸೋದರಮಾವನ ಮಗ. ಕೆಲಸ ನೋಡಲು ಪಾರುಪತ್ಯಗಾರ ಪರ್ಡನ್ ಬಂದಾಗ ಸಬೀನಾ ಏಪ್ರನ್ನಿಗೆ ಕೈ ಒರೆಸಿಕೊಂಡು ಮುಂದೆ ಹೋದಳು.

"ಸ್ವಾಮಿ, ಫೆಲಿಮ್ ಹೇಗೂ ಇಲ್ಲೇ ಇದಾನೆ. ಮಲಗೋ ಮನೇಲಿ ಮುಚ್ಚಿರೋ ಒಲೆ ತೆಗೆಸಿಬಿಟ್ರೆ... ಹುಡುಗೀಗೆ ಎದೆ ಸರಿ ಇಲ್ಲ."

ಪರ್ಡನ್ ಕೆಟ್ಟವನಲ್ಲ ಎಂದು ಊರಿನವರು ಹೇಳುತ್ತಿದ್ದರು. ಯಾರ ಮೇಲೂ ಕೂಗಾಡುವವನಲ್ಲ. ಒಕ್ಕಲೆಬ್ಬಿಸುವಾಗಲೂ ಮೆತ್ತಗೆ ಮಾತನಾಡುತ್ತಿದ್ದ.

"ಮುಚ್ಚಿದ ಒಲೆಯೋ? ಇದ್ದರೆ ನೋಡಲಿ. ಫೆಲಿಮ್, ಬಡಿದು ನೋಡು," ಎಂದ.

ಫೆಲಿಮ್ ಕಮಾನಿನ ಕೆಳಗೆ ಮಂಡಿಯೂರಿ ಸುತ್ತಿಗೆಯ ಹಿಡಿಯಿಂದ ಬಡಿದ. ಡೀಲಿಯಾ ಹಾಸಿಗೆಯಲ್ಲಿ ಎದ್ದು ಕುಳಿತಳು. ಕೆಮ್ಮನ್ನು ತಡೆದುಕೊಂಡು ಕಿವಿಗೊಟ್ಟಳು. ಅವನು ಎಡಕ್ಕೆ ಬಡಿದ, ಬಲಕ್ಕೆ ಬಡಿದ. ಆಮೇಲೆ ಉಳಿ ತೆಗೆದುಕೊಂಡು ಗಾರೆ ಕೆತ್ತಿದ. ಅಂಗೈಯಗಲ ಕೆತ್ತಿದ. ಕಲ್ಲು ಬಂತು. ಇನ್ನೂ ಕೆತ್ತಿದ. ಕಲ್ಲೇ. ಹೊರಗೆ ಹೋಗಿ ಏಣಿ ಹಾಕಿ ಹತ್ತಿದ. ಇಳಿದು ಬಂದವನು ಟೋಪಿ ಕೈಯಲ್ಲಿ ಹಿಡಿದುಕೊಂಡಿದ್ದ.

"ಏನಾಯ್ತು ಫೆಲಿಮಣ್ಣ?"

"ಒಲೆ ಇಲ್ಲಮ್ಮ."

"ಇಲ್ಲ ಅಂದ್ರೆ? ಯಾರು ತೆಗೆದ್ರು?"

"ಯಾರೂ ತೆಗೆದಿಲ್ಲ. ಇರಲೇ ಇಲ್ಲ. ಇದು ಇಡೀ ಗೋಡೆ. ಗಾರೇಲಿ ಕಮಾನಿನ ಚಿತ್ರ ಎಳೆದಿದಾರೆ. ಆ ಹೊಗೆಗೂಡೂ ಅಷ್ಟೇ, ಮಾಡಿನ ಮೇಲೆ ಟೋಪಿ ಇಟ್ಟಂಗೆ ಇಟ್ಟಿದಾರೆ. ಒಳಗೆ ಟೊಳ್ಳು, ತಳ ಮುಚ್ಚಿದೆ. ಅದಕ್ಕೂ ಈ ಮನೆಗೂ ಸಂಬಂಧಾನೇ ಇಲ್ಲ."

ಸಬೀನಾ ಗೋಡೆಯನ್ನು ನೋಡಿದಳು. ಹದಿನಾರು ವರ್ಷ ಅವಳ ಬೆನ್ನು ತಾಗಿ ಆ ಜಾಗದ ಗಾರೆ ನುಣ್ಣಗಾಗಿತ್ತು. ಮಾಲಕಿ ಸಾಯುವವರೆಗೂ ನಂಬಿದ್ದ. ಅವನಿಗೂ ಅವಳಿಗೂ ಮೋಸ ಮಾಡಿದವನು ನೂರು ವರ್ಷದ ಹಿಂದೆಯೇ ಸತ್ತುಹೋಗಿದ್ದ. ಅವನನ್ನು ಬೈಯಲೂ ಆಗುವಂತಿರಲಿಲ್ಲ.

"ಬೇಜಾರ್ ಮಾಡ್ಕೋಬೇಡ," ಎಂದ ಫೆಲಿಮ್ ಸಣ್ಣ ದನಿಯಲ್ಲಿ. "ಇಲ್ದಿದ್ರೆ ಮಾಡ್ಬಹುದು. ಗೋಡೆ ಒಡೆದು, ಹೊಗೆ ಹೋಗೋಕೆ ದಾರಿ ಬಿಟ್ಟು ಒಲೆ ಕೂರಿಸೋದು ಎರಡು ದಿನದ ಕೆಲಸ. ಇಟ್ಟಿಗೆ ಉಳಿದಿದಾವೆ. ಅವ್ರು ಹ್ಞೂಂ ಅನ್ಬೇಕು ಅಷ್ಟೇ."

ಪರ್ಡನ್ ದೊರೆಸಾನಿಯವರನ್ನು ಕೇಳಿ ಹೇಳುತ್ತೇನೆಂದು ಹೋದ.

ಅವನು ಉತ್ತರ ತರುವವರೆಗೆ ಮಗಳು ತಣ್ಣಗಿರಬೇಕೆ? ಸಬೀನಾ ಹಾಸಿಗೆಯನ್ನು ಎಳೆದುಕೊಂಡು ದಾರಿ ದಾಟಿ ಅಡುಗೆಮನೆಗೆ ತಂದಳು. ಒಲೆಯ ಮುಂದೆ ಹಾಸಿದಳು. ಉರುವಲಿಗೆಂದು ಜೌಗಿನಿಂದ ಕಡಿದು ಒಣಗಿಸಿದ ಕರಿಮಣ್ಣಿನ ಹೆಂಟೆಗಳನ್ನು ಒಲೆಗೆ ಒಟ್ಟಿದಳು. ಮೂರು ದಿನ ಡೀಲಿಯಾ ಬೆಚ್ಚಗೆ ಮಲಗಿದಳು. ಎರಡನೆಯ ದಿನ ಒಂದು ಮೊಟ್ಟೆ ತಿಂದಳು. ಮೂರನೆಯ ದಿನ ಕೆನ್ನೆಗೆ ರಕ್ತ ಬಂತು. ಅವ್ವಾ, ಆಲೂಗಡ್ಡೆ ಸುಡುವ ವಾಸನೆ ಎಷ್ಟು ಚೆನ್ನಾಗಿದೆ ಎಂದಳು. ಸಬೀನಾ ಏಳು ವರ್ಷದಲ್ಲಿ ಮೊದಲ ಸಲ ಹಾಡು ಗುನುಗಿದ್ದು ಅವತ್ತು.

ನಾಲ್ಕನೆಯ ದಿನ ದೊರೆಸಾನಿ ಸಾರೋಟಿನಲ್ಲಿ ಹಾದುಹೋದರು. ಅಡುಗೆಮನೆಯ ಕಿಟಕಿ ನಿಜವಾದ ಕಿಟಕಿ. ಮೊಣಕಾಲೆತ್ತರದಿಂದ ಶುರುವಾಗಿ ಬಾಗಿಲಿನಷ್ಟೇ ಎತ್ತರಕ್ಕೆ ಗಾಜು. ಅದಕ್ಕೆ ಪರದೆ ಹಾಕಬಾರದು. ದಾರಿಯಲ್ಲಿ ಹೋಗುವವರಿಗೆ ಒಲೆ, ತಾಮ್ರದ ಪಾತ್ರೆ, ಬಿಳಿ ಏಪ್ರನ್ ಕಾಣಬೇಕು. ಅವತ್ತು ಕಂಡದ್ದು ಹಾಸಿಗೆ. ಹಾಸಿಗೆಯ ಮೇಲೆ ಬಟ್ಟಲು ಹಿಡಿದು ಉಗುಳುತ್ತಿದ್ದ ಹುಡುಗಿ.

ಒಂದು ಗಂಟೆಯೊಳಗೆ ಪರ್ಡನ್ ಬಂದ. ಜೊತೆಗೆ ತೋಟದ ಇಬ್ಬರು ಆಳುಗಳು.

"ಟೂಹಿ, ಹಾಸಿಗೆ ಆ ಕಡೆ ಹೋಗಬೇಕು. ಮದುಮಗಳ ಕಣ್ಣಿಗೆ ಮೊದಲು ಬೀಳೋದು ಈ ಕಿಟಕಿ."

"ಪರದೆ ಕಟ್ತೀನಿ ಸ್ವಾಮಿ. ಮದುವೆ ದಿಬ್ಬಣ ಒಳಗೆ ಹೋಗೋವರೆಗೂ ಕಟ್ಟಿರ್ತೀನಿ."

"ಒಂದಕ್ಕೆ ಪರದೆ, ಇನ್ನೊಂದಕ್ಕಿಲ್ಲ ಅಂದ್ರೆ ಜೋಡಿ ಕೆಡತ್ತೆ."

"ಜೋಡಿ ಕೆಡತ್ತಾ?" ಎಂದಳು ಸಬೀನಾ. "ಸ್ವಾಮಿ, ಅಲ್ಲಿ ನನ್ನ ಮಗಳು ಸಾಯ್ತಾಳೆ."

"ಹಾಗೆಲ್ಲ ಮಾತಾಡಬಾರದು. ಕಂಬಳಿ ಕಳಿಸ್ತೀನಿ."

ಆಳುಗಳು ನಾಲ್ಕು ಮೂಲೆ ಹಿಡಿದು ಹಾಸಿಗೆ ಎತ್ತಿದರು. ಡೀಲಿಯಾ ಅದರ ಮೇಲೇ ಇದ್ದಳು. ಮಳೆ ಹನಿಯುತ್ತಿತ್ತು. ದಾರಿಯ ನಡುವೆ ಒಬ್ಬನ ಹಿಡಿತ ಜಾರಿ ಹುಡುಗಿ ಜಲ್ಲಿಯ ಮೇಲೆ ಬಿದ್ದಳು. ಸಬೀನಾ ಓಡಿಹೋಗಿ ಅವಳನ್ನು ಮಗುವಿನ ಹಾಗೆ ಎತ್ತಿಕೊಂಡು ಕತ್ತಲ ಮನೆಗೆ ಹೊತ್ತಳು. ಹುಡುಗಿಗೆ ತೂಕವೇ ಇರಲಿಲ್ಲ.

ಕಂಬಳಿ ಬಂತು. ಕುದುರೆಗೆ ಹೊದಿಸುವ ಕಂಬಳಿ.

ಒಲೆಯ ವಿಷಯಕ್ಕೂ ಉತ್ತರ ಬಂತು. ಮರುದಿನ ದೊರೆಸಾನಿ ತಾವೇ ಬಂದರು. ಕೆಂಪು ಕೈಗವಸು, ಕೈಯಲ್ಲಿ ಸುರುಳಿ ಸುತ್ತಿದ ಕಾಗದ. ದೊಡ್ಡಮನೆಯ ಪುಸ್ತಕದ ಕೋಣೆಯಲ್ಲಿದ್ದ ಹಳೆಯ ನಕ್ಷೆ ಅದು. ಅದರಲ್ಲಿ ಜೋಡಿಮನೆಯ ಚಿತ್ರವಿತ್ತು. ಎರಡೂ ಹೊಗೆಗೂಡಿನಿಂದ ಹೊಗೆ ಏಳುತ್ತಿತ್ತು.

"ನೋಡಿ ಪರ್ಡನ್, ಇಷ್ಟು ವರ್ಷ ನನಗೆ ಏನೋ ಕೊರತೆ ಅನ್ನಿಸ್ತಿತ್ತು. ಏನು ಅಂತ ಗೊತ್ತಾಗ್ತಿರಲಿಲ್ಲ," ಎಂದರು. "ಹೊಗೆ ಒಂದೇ ಕಡೆ ಬರತ್ತೆ. ಅದೇ ಕೊರತೆ. ಮದುಮಗಳು ಬರೋ ದಿನ ಎರಡೂ ಕಡೆ ಹೊಗೆ ಇರಬೇಕು."

ಸಬೀನಾ ಒಂದು ಹೆಜ್ಜೆ ಮುಂದೆ ಬಂದಳು. "ಹಾಗಾದ್ರೆ ಒಲೆ ಕೂರಿಸ್ತೀರಾ ಅಮ್ಮಾವ್ರೇ?"

ದೊರೆಸಾನಿ ಅವಳತ್ತ ತಿರುಗಿ ನಕ್ಕರು. ಒಳ್ಳೆಯ ನಗು. "ಗೋಡೆ ಒಡೆಯೋದೇ? ಕಮಾನು ಹಾಳಾಗತ್ತಲ್ಲ! ಬೇಡ ಬೇಡ. ಮೇಲೇ ಏನಾದ್ರೂ ಉಪಾಯ ಮಾಡಿ."

ಉಪಾಯ ಮಾಡಿದರು. ಫೆಲಿಮ್ ಸುಳ್ಳು ಹೊಗೆಗೂಡಿನ ಬಾಯೊಳಗೆ ಕಬ್ಬಿಣದ ಜಾಲರಿ ಕೂರಿಸಿದ. ಜಾಲರಿಯ ಮೇಲೆ ಮೂರು ಕಾಲಿನ ಬೆಂಕಿ ಮಡಕೆ. ಕಾಣದಂತೆ ಹಿಂಗೋಡೆಗೆ ಹನ್ನೊಂದು ಮೆಟ್ಟಿಲಿನ ಕಬ್ಬಿಣದ ಏಣಿ. ಕೆಂಡ ತುಂಬಿ, ಮೇಲೆ ಒದ್ದೆ ಹುಲ್ಲು ಹಾಕಿದರೆ ದಟ್ಟನೆಯ ಹೊಗೆ. ಈ ಕೆಲಸಕ್ಕೆ ಸರಿಯಾಗಿ ಎರಡು ದಿನ ಹಿಡಿಯಿತು.

"ನನ್ನ ಮೇಲೆ ಸಿಟ್ಟಾಗ್ಬೇಡ ಸಬೀನಾ," ಎಂದ ಫೆಲಿಮ್, ಅವಳ ಮುಖ ನೋಡದೆ.

"ಸಿಟ್ಟು ಮಾಡ್ಕೊಂಡು ನಾನು ಎಲ್ಲಿಗೆ ಹೋಗ್ಲಿ? ಅದಕ್ಕೂ ಒಂದು ಬೇರೆ ಮನೆ ಕಟ್ಟಿಸಿದಾರಾ?"

ಮೇಲೆ ಹತ್ತಬೇಕಾದವಳು ಅವಳೇ. ಹೊಗೆ ಸರಿಯಾಗಿ ಬರುತ್ತದೋ ಎಂದು ಮೂರು ದಿನ ಮೊದಲಿಂದಲೇ ಅಭ್ಯಾಸ ಮಾಡಿಸಿದರು. ಎಡಮನೆಯ ಒಲೆಯಿಂದ ಕೆಂಡವನ್ನು ಕಬ್ಬಿಣದ ಬಕೇಟಿಗೆ ತುಂಬು. ದಾರಿ ದಾಟು. ಬಕೇಟನ್ನು ಮೊಣಕೈಗೆ ಸಿಕ್ಕಿಸಿಕೊಂಡು ಹನ್ನೊಂದು ಮೆಟ್ಟಿಲು ಹತ್ತು. ಜಾರುವ ಚಪ್ಪಡಿಯ ಮೇಲೆ ಹೊಟ್ಟೆ ಕೊಟ್ಟು ಮಲಗಿ ಮಡಕೆಗೆ ಸುರಿ. ಹುಲ್ಲು ಹಾಕು. ಕಣ್ಣಿಗೆ ಹೊಗೆ ತುಂಬಿಕೊಂಡು ಇಳಿ. ಒಂದು ಗಂಟೆಗೆ ಎರಡು ಸಲ. ನಡುವೆ ಕೊಂಬು ಊದಿದರೆ ಬಿಟ್ಟು ಓಡು, ಗೇಟು ತಳ್ಳು, ತಲೆ ಬಗ್ಗಿಸು. ಮೊದಲ ದಿನವೇ ಮೊಣಕೈಯ ಒಳಮೈ ಸುಟ್ಟು ಬೊಬ್ಬೆ ಎದ್ದಿತು. ಎರಡನೆಯ ದಿನ ಬೊಬ್ಬೆ ಒಡೆಯಿತು. ಅದೇ ಜಾಗಕ್ಕೆ ಬಕೇಟಿನ ಹಿಡಿ ಮತ್ತೆ ಕೂತಿತು.

ಮಗಳಿಗಾಗಿ ಕೇಳಿದ ಬೆಂಕಿಯನ್ನು ಅವಳು ಮಗಳ ತಲೆಯ ಮೇಲೆ ಹೊತ್ತು ಹಾಕುತ್ತಿದ್ದಳು. ಕೆಳಗೆ ಮಗಳು ಕುದುರೆಯ ಕಂಬಳಿಯಲ್ಲಿ ನಡುಗುತ್ತಿದ್ದಳು. ಇದಕ್ಕಿಂತ ದೊಡ್ಡ ಅನ್ಯಾಯ ಎಲ್ಲಿ ಹುಡುಕಿದರೂ ನನಗೆ ಸಿಗದು.

"ಅವ್ವಾ," ಎಂದಳು ಡೀಲಿಯಾ ಮೂರನೆಯ ದಿನ. ದನಿ ಕೇಳಿಸುವಷ್ಟೂ ಇರಲಿಲ್ಲ. "ಮೇಲೆ ಚಟಪಟ ಅಂತಿದೆ. ಬೆಂಕಿ ಅಲ್ವಾ?"

"ಹ್ಞೂಂ ಕಂದ."

"ಕೆಳಕ್ಕೆ ಬರಲ್ವಾ?"

ಸಬೀನಾ ಮಗಳ ಪಾದ ತೆಗೆದು ತನ್ನ ಕಂಕುಳಲ್ಲಿ ಇಟ್ಟುಕೊಂಡಳು. ಕಲ್ಲಿನಷ್ಟು ತಣ್ಣಗಿತ್ತು.

ಮದುಮಗಳು ಬರುವ ದಿನ ಬಿಸಿಲಿತ್ತು, ಮೂಳೆ ಕೊರೆಯುವ ಚಳಿಯೂ ಇತ್ತು. ಬೆಳಗಿನಿಂದಲೇ ಒಕ್ಕಲುಗಳು ಗೇಟಿನ ಒಳಬದಿ ಸೇರಿದರು. ಕೈಯಲ್ಲಿ ಹಸಿರು ಕೊಂಬೆಗಳು. ಕೊಳಲು, ತಮಟೆಯ ಮೇಳ. ಸಾರೋಟು ಒಳಗೆ ಬಂದ ಮೇಲೆ ಕುದುರೆ ಬಿಚ್ಚಿ, ಒಕ್ಕಲಿನ ಗಂಡಸರು ಹಗ್ಗ ಕಟ್ಟಿ ದೊಡ್ಡಮನೆಯವರೆಗೂ ಎಳೆಯಬೇಕು. ಅದು ಅವರ ಪ್ರೀತಿ ಎಂದು ಪತ್ರಿಕೆಗಳು ಬರೆಯುತ್ತವೆ. ಎಳೆಯದವನ ಹೆಸರನ್ನು ಪರ್ಡನ್ ಬರೆದುಕೊಳ್ಳುತ್ತಾನೆ.

ಹನ್ನೆರಡಕ್ಕೆ ಸ್ವಲ್ಪ ಮೊದಲು ಸಬೀನಾ ಬಕೇಟು ಹೊತ್ತು ಏಣಿಯ ಬುಡಕ್ಕೆ ಬಂದಳು. ಕಾಲು ಮೊದಲ ಮೆಟ್ಟಿಲಿನ ಮೇಲಿತ್ತು. ಒಳಗೆ ಕೆಮ್ಮು ಕೇಳಿಸಿತು. ಆಮೇಲೆ ಕೆಮ್ಮು ನಿಂತಿತು. ನಿಂತದ್ದು ಕೆಮ್ಮಿಗಿಂತ ಕೆಟ್ಟದಾಗಿತ್ತು.

ಅವಳು ಮೆಟ್ಟಿಲಿನಿಂದ ಕಾಲು ತೆಗೆದಳು. ಬಕೇಟನ್ನು ಕೆಳಗಿಟ್ಟಳು. ಬರಿಗೈಯಲ್ಲಿ ಏಣಿ ಹತ್ತಿದಳು. ಹೊಗೆಯಾಡುತ್ತಿದ್ದ ಹುಲ್ಲನ್ನು ಕಿತ್ತು ಕೆಳಗೆ ಎಸೆದಳು. ಏಪ್ರನ್ನನ್ನು ಕೈಗೆ ಸುತ್ತಿಕೊಂಡು, ಮಡಕೆಯನ್ನು ಜಾಲರಿಯಿಂದ ಎತ್ತಿ, ಎದೆಗವಚಿಕೊಂಡು ಇಳಿದಳು. ಏಪ್ರನ್ ಕರಕಲಾಯಿತು. ಅಂಗೈ ಸುಟ್ಟಿತು. ಅವಳು ಬಿಡಲಿಲ್ಲ. ಮಡಕೆಯನ್ನು ಒಳಗೆ ತಂದು ಹಾಸಿಗೆಯ ಪಕ್ಕ ಇಟ್ಟಳು. ಬಕೇಟಿನ ಹೊಸ ಕೆಂಡವನ್ನೂ ಅದಕ್ಕೆ ಸುರಿದು, ಕೆಂಡದ ಸಲಿಕೆಯನ್ನು ಅದರಲ್ಲೇ ಸಿಕ್ಕಿಸಿಟ್ಟಳು. ಹೊಗೆ ಕಟ್ಟದಿರಲಿ ಎಂದು ಬಾಗಿಲನ್ನು ಅರ್ಧ ತೆರೆದಿಟ್ಟಳು.

ಕತ್ತಲ ಮನೆಗೆ ಮೊದಲ ಸಲ ಕೆಂಪು ಬೆಳಕು ಬಂತು. ಗೋಡೆ, ಕಮಾನು, ಮಗಳ ಮುಖ ಎಲ್ಲ ಕಂಡವು. ಡೀಲಿಯಾ ಕಣ್ಣು ತೆರೆದಳು.

"ಬಂತಾ?" ಎಂದಳು.

"ಬಂತು ಕಂದ. ಕೈ ಕೊಡು."

ಆಗ ಓಕ್ ಮರದ ತಿರುವಿನಲ್ಲಿ ಕೊಂಬು ಊದಿತು.

ಸಬೀನಾಳ ಕಾಲುಗಳು ತಾವಾಗಿಯೇ ಎದ್ದವು. ಹದಿನಾರು ವರ್ಷದ ಅಭ್ಯಾಸ. ಬಾಗಿಲವರೆಗೆ ಹೋದಳು. ಅಲ್ಲೇ ನಿಂತಳು. ಸೊಂಟದಲ್ಲಿದ್ದ ಬೀಗದ ಕೈ ಮುಟ್ಟಿ ನೋಡಿದಳು. ಹಿಂದಕ್ಕೆ ಬಂದು ಮಗಳ ಪಕ್ಕ ಕುಳಿತಳು.

ಎರಡನೆಯ ಸಲ ಕೊಂಬು ಊದಿತು. ಗೊರಸಿನ ಸದ್ದು ಹತ್ತಿರವಾಯಿತು. ಆಮೇಲೆ ಲ್ಯೂಕ್ ಹೋ ಹೋ ಎಂದು ಕಿರುಚಿದ್ದು, ಕುದುರೆಗಳು ಕೆನೆದದ್ದು, ಗಾಲಿ ಜಲ್ಲಿಯನ್ನು ಉಜ್ಜಿದ್ದು ಕೇಳಿಸಿತು. ಮೇಳ ಅರ್ಧಕ್ಕೆ ನಿಂತಿತು. ನೂರು ವರ್ಷದಲ್ಲಿ ಮೊದಲ ಸಲ ಕೂಲ್‌ಡರಾದ ಕುದುರೆಗಳು ಹೆಬ್ಬಾಗಿಲಲ್ಲಿ ನಿಂತವು.

ಪರ್ಡನ್ ಓಡಿಬಂದ. ಅವನು ಓಡಿದ್ದನ್ನು ಅವತ್ತೇ ಊರು ನೋಡಿದ್ದು.

"ಟೂಹಿ! ಗೇಟು!"

"ತೆಗೆಯಲ್ಲ," ಎಂದಳು ಸಬೀನಾ, ಕುಳಿತಲ್ಲಿಂದಲೇ.

"ಏನಂದೆ?"

"ತೆಗೆಯಲ್ಲ ಅಂದೆ. ನನ್ನ ಮಗಳು ಬೆಂಕಿ ಕಾಯಿಸ್ಕೊಳ್ತಾ ಇದಾಳೆ. ಅವಳ ಮೈ ಬಿಸಿ ಆಗೋವರೆಗೂ ಅವ್ರು ಕಾಯ್ಲಿ. ಹದಿನಾರು ವರ್ಷ ನಾನು ಕಾದಿಲ್ವಾ?"

"ನಿನಗೆ ತಲೆ ಕೆಟ್ಟಿದೆಯಾ? ಬೀಗದ ಕೈ ಕೊಡು."

"ಬಂದು ತಗೋ." ಅವಳು ಮೊದಲ ಸಲ ಅವನನ್ನು ಏಕವಚನದಲ್ಲಿ ಕರೆದಳು. ಮಡಕೆಯಲ್ಲಿದ್ದ ಸಲಿಕೆಯನ್ನು ಎತ್ತಿ ಹಿಡಿದಳು. ಸಲಿಕೆಯ ತುದಿ ಕೆಂಪಗೆ ಕಾದಿತ್ತು. "ಬಾ. ಒಳಗೆ ಬಾ. ಈ ಮನೆ ಒಳಗೆ ನೀನು ಯಾವತ್ತಾದ್ರೂ ಕೂತಿದೀಯಾ? ಹೊರಗಿನಿಂದ ನೋಡ್ತಾ ಇದ್ದೆಯಲ್ಲ, ಒಳಗೆ ಬಂದು ನೋಡು. ನಿಮ್ಮ ಅಮ್ಮಾವ್ರನ್ನೂ ಕರಿ. ಕಿಟಕಿ ನೋಡ್ಲಿ. ಒಲೆ ನೋಡ್ಲಿ. ನನ್ನ ಹುಡುಗಿ ಉಗುಳಿದ ರಕ್ತ ನೋಡ್ಲಿ. ಇದಕ್ಕೂ ಜೋಡಿ ಬೇಕಂತಾ ಕೇಳು!"

ಪರ್ಡನ್ ಒಳಗೆ ಬರಲಿಲ್ಲ. ಅವನು ಬುದ್ಧಿವಂತ. ಒಕ್ಕಲುಗಳ ಕಡೆ ತಿರುಗಿದ. ಕೂಗಲಿಲ್ಲ. ಅವರವರ ಹೆಸರು ಹಿಡಿದು ಮೆತ್ತಗೆ ಕರೆದ.

ಎಂಟು ಜನ ಮುಂದೆ ಬಂದರು. ಗೇಟಿನ ಒಂದು ರೆಕ್ಕೆಗೆ ಭುಜ ಕೊಟ್ಟು, ಐಸಾ ಎಂದು, ಅದನ್ನು ಕೀಲಿನಿಂದ ಮೇಲೆತ್ತಿದರು. ಒಬ್ಬರೂ ದೊರೆಯ ಕಡೆಯವರಲ್ಲ. ಎಲ್ಲರೂ ಭಾನುವಾರ ಸಬೀನಾಳ ಜೊತೆ ಒಂದೇ ಬೆಂಚಿನಲ್ಲಿ ಮಂಡಿಯೂರುವವರು. ಮಾಲಕಿಯ ಹೆಣ ಹೊತ್ತವರು. ಕೀಲು ಎಲ್ಲಿ ಸಡಿಲ ಎಂದು ತೋರಿಸಿದವನು ಫೆಲಿಮ್. ಸಬೀನಾ ಬಾಗಿಲಲ್ಲಿ ನಿಂತು ಒಬ್ಬೊಬ್ಬರ ಮುಖವನ್ನೂ ನೋಡಿದಳು. ಯಾರೂ ಅವಳನ್ನು ನೋಡಲಿಲ್ಲ. ಎಲ್ಲರಿಗೂ ಮನೆಯಿತ್ತು, ಮಕ್ಕಳಿದ್ದರು, ಎಲ್ಲರ ಮನೆಯೂ ದೊರೆಯದೇ ಆಗಿತ್ತು.

ಕಾಲು ಗಂಟೆ. ಅವಳ ಬಂಡಾಯ ಕಾಲು ಗಂಟೆಯದು.

ಮೇಳ ಮತ್ತೆ ಶುರುವಾಯಿತು. ಲ್ಯೂಕ್ ಹೊಡೆದ ಸಾರೋಟು ಜೋಡಿಮನೆಯ ನಡುವೆ ನಿಧಾನವಾಗಿ ಸಾಗಿತು. ಮದುಮಗಳು ಮುಖ ಹೊರಗೆ ಹಾಕಿದಳು. ಚಿಕ್ಕ ವಯಸ್ಸು, ಚಳಿಗೆ ಮೂಗು ಕೆಂಪಾಗಿತ್ತು. ಮೊಣಕಾಲಿನ ಮೇಲೆ ತುಪ್ಪಳದ ಹೊದಿಕೆ.

"ಎಷ್ಟು ಮುದ್ದಾಗಿವೆ ಈ ಮನೆಗಳು!" ಎಂದಳು ಗಂಡನಿಗೆ. ಆಮೇಲೆ ಮೇಲೆ ನೋಡಿ, "ಅಯ್ಯೋ, ಇದರಲ್ಲಿ ಹೊಗೆ ಬರ್ತಿಲ್ವಲ್ಲ," ಎಂದಳು.

ಮೂರು ದಿನದಲ್ಲಿ ಮನೆ ಖಾಲಿ ಮಾಡಿಸಿದರು. ಡೀಲಿಯಾಳನ್ನು ಕತ್ತೆಯ ಗಾಡಿಯಲ್ಲಿ ಮಲಗಿಸಿ, ದಿಕ್ಕಿಲ್ಲದವರನ್ನು ಸೇರಿಸುವ ಪೇಟೆಯ ವರ್ಕ್‌ಹೌಸಿಗೆ ಒಯ್ದಳು ಸಬೀನಾ. ಗಾಡಿ ಕೊಟ್ಟವನು ಲ್ಯೂಕ್. ಬೆಳಕು ಹರಿಯುವ ಮೊದಲೇ ಹೊರಟುಬಿಡು, ನಾನು ಕೊಟ್ಟೆ ಅಂತ ಹೇಳ್ಬೇಡ ಸಬೀನಕ್ಕ ಎಂದು ಎರಡು ಸಲ ಹೇಳಿದ. ಗಾಡಿ ದಿಡ್ಡಿ ಬಾಗಿಲಲ್ಲಿ ಹಿಡಿಸಲಿಲ್ಲ. ಮಗಳನ್ನು ಎತ್ತಿ ಹೊರಗೆ ತಂದು, ಗಾಡಿಯನ್ನು ಹಿತ್ತಲ ದಾರಿಯಿಂದ ಸುತ್ತಿಸಿಕೊಂಡು ಬರಬೇಕಾಯಿತು.

ವರ್ಕ್‌ಹೌಸಿನ ರೋಗಿಗಳ ಕೋಣೆ ಉದ್ದವಾಗಿತ್ತು. ಮೂವತ್ತು ಹಾಸಿಗೆ. ಬೆಂಕಿಯೂ ಇತ್ತು. ಅದು ಮೊದಲ ಹಾಸಿಗೆಯ ಹತ್ತಿರ. ಡೀಲಿಯಾಳದು ಇಪ್ಪತ್ತೆಂಟನೆಯದು. ಅಲ್ಲಿಂದ ಕಣ್ಣಿಗೆ ಕಾಣುತ್ತಿತ್ತು.

"ಅವತ್ತಿನದು ಚೆನ್ನಾಗಿತ್ತಲ್ವಾ ಅವ್ವಾ," ಎಂದಳು ಒಂದು ಸಂಜೆ. ಅವಳ ಕೊನೆಯ ಪೂರ್ತಿ ಮಾತು ಅದು. ಹನ್ನೆರಡನೆಯ ದಿನ ಹೋದಳು. ವರ್ಕ್‌ಹೌಸಿನ ಹಿಂದೆ, ಹೆಸರಿನ ಕಲ್ಲು ನೆಡದ ಜಾಗದಲ್ಲಿ ಹೂತರು. ಸಬೀನಾ ಅಳಲಿಲ್ಲ. ಅಂಗೈಯ ಗಾಯ ಮಾಯದೆ ಕೀವಾಗಿತ್ತು. ಅದನ್ನೇ ನೋಡುತ್ತ ನಿಂತಿದ್ದಳು.

ಚಳಿಗಾಲವಿಡೀ ಅವಳನ್ನು ವರ್ಕ್‌ಹೌಸಿನ ಬಟ್ಟೆ ಒಗೆಯಲು ಹಾಕಿದರು. ಮಾರ್ಚಿನಲ್ಲಿ ಹೊರಟಳು. ದೂರದ ಊರಿನಲ್ಲಿ ತಂಗಿಯೊಬ್ಬಳಿದ್ದಳು, ಸೇರಿಸಿಕೊಳ್ಳುತ್ತಾಳೋ ಇಲ್ಲವೋ ಗೊತ್ತಿರಲಿಲ್ಲ. ಅಲ್ಲಿಗೆ ಹೋಗುವ ರಸ್ತೆ ಕೂಲ್‌ಡರಾದ ಹೆಬ್ಬಾಗಿಲ ಮುಂದೆಯೇ ಹಾದುಹೋಗುತ್ತಿತ್ತು.

ಬಹಳ ದೂರದಿಂದಲೇ ಕಂಡಿತು. ಎರಡು ಹೊಗೆಗೂಡು, ಎರಡು ಹೊಗೆ. ಎರಡೂ ಒಂದೇ ಸಮ.

ಗೇಟು ಮತ್ತೆ ಕೀಲಿನಲ್ಲಿ ಕೂತಿತ್ತು, ಹೊಸದಾಗಿ ಬಣ್ಣ ಬಳಿದಿದ್ದರು. ಬಲಮನೆಯ ಹಿಂದಿನಿಂದ ಒಬ್ಬ ಎಳೆಯ ಹೆಂಗಸು ಬಕೇಟು ಹಿಡಿದು ಬಂದಳು. ಮುಖಕ್ಕೆ ಮಸಿ, ಮೊಣಕೈಗೆ ಬಟ್ಟೆ ಸುತ್ತಿದ್ದಳು. ಬಸುರಿ. ದಿಡ್ಡಿ ಬಾಗಿಲ ಹತ್ತಿರ ನಿಂತಿದ್ದ ಸಬೀನಾಳನ್ನು ನೋಡಿ ನಕ್ಕಳು.

"ಏನಕ್ಕ, ನೀರು ಬೇಕಾ? ಬಹಳ ದೂರದಿಂದ ಬಂದಂಗಿದೆ."

"ನೀನೇನಾ ಈಗ ಇಲ್ಲಿರೋದು?"

"ಹ್ಞೂಂ. ಬಂದು ನಾಲ್ಕು ತಿಂಗಳಾಯ್ತು. ನಮ್ಮನೆಯವ್ರು ತೋಟದ ಕೆಲಸಕ್ಕೆ ಹೋಗ್ತಾರೆ. ನೋಡೋಕೆ ಅರಮನೆ ಇದ್ದಂಗಿದೆ ಅಲ್ವಾ?"

ಸಬೀನಾ ಅವಳ ಹೊಟ್ಟೆಯನ್ನು ನೋಡಿದಳು. "ಹೆರಿಗೆ ಯಾವಾಗ?"

"ಮೇ ತಿಂಗಳಲ್ಲಿ. ನವೆಂಬರಿನ ಚಳಿಗೆ ಮಗು ಆರು ತಿಂಗಳದ್ದಾಗಿರತ್ತೆ. ಈ ಮಲಗೋ ಮನೆ ಒಂದು ಸ್ವಲ್ಪ ತಣ್ಣಗಿದೆ, ಅದೇ ಯೋಚನೆ."

"ನನ್ನ ಮಾತು ಕೇಳು ತಂಗಿ," ಎಂದಳು ಸಬೀನಾ. "ಮಗು ಇಟ್ಕೊಂಡು ಅಲ್ಲಿ ಮಲಗ್ಬೇಡ. ಅಲ್ಲಿ ಒಲೆ ಇಲ್ಲ. ಆ ಗೋಡೆ ಹಿಂದೆ ಏನೂ ಇಲ್ಲ. ಬಡಿದು ನೋಡಿದಾರೆ. ಬರೀ ಕಲ್ಲು."

ಹೆಂಗಸು ಒಂದು ಗಳಿಗೆ ಅವಳನ್ನೇ ನೋಡಿದಳು. ಆಮೇಲೆ ಅಯ್ಯೋ ಪಾಪ ಎನ್ನುವಂತೆ ನಕ್ಕಳು. ದಾರಿಯಲ್ಲಿ ಹೋಗುವ ತಿರುಕಿಗೆ ಮನೆಯ ವಿಷಯ ಏನು ಗೊತ್ತು.

"ಇಲ್ಲಕ್ಕ, ನೀನು ನೋಡಿಲ್ಲ. ಕಮಾನಿದೆ ಅಲ್ಲಿ. ಗಾರೆ ಮೊನ್ನೆ ತಾನೇ ಹೊಸದಾಗಿ ಬಳಿದಿದಾರೆ. ಒಲೆ ಇಲ್ಲದೆ ಯಾರಾದ್ರೂ ಕಮಾನು ಕಟ್ತಾರಾ? ಹಿಂದೆ ಯಾರೋ ಮುಚ್ಚಿಸಿದಾರೆ ಅಷ್ಟೇ. ಕೇ—"

ಓಕ್ ಮರದ ತಿರುವಿನಲ್ಲಿ ಕೊಂಬು ಊದಿತು.

ಹೆಂಗಸು ಬಕೇಟು ಬಿಸಾಕಿ, ಹೊಟ್ಟೆಯನ್ನು ಒಂದು ಕೈಯಲ್ಲಿ ಹಿಡಿದುಕೊಂಡು ಓಡಿದಳು. ಓಡುತ್ತಲೇ ತಿರುಗಿ, "ಕೇಳಿದ್ರೆ ತೆಗೆಸಿಕೊಡ್ತಾರೆ!" ಎಂದು ಕೂಗಿದಳು.

ಭುಜ ಕೊಟ್ಟು ತಳ್ಳಿದಳು. ಎರಡೂ ರೆಕ್ಕೆಗಳು ತೆರೆದವು. ಸಬೀನಾ ರಸ್ತೆಯ ಚರಂಡಿಗೆ ಸರಿದು ನಿಂತಳು. ಕುದುರೆಗಳು ನಿಲ್ಲಲಿಲ್ಲ.